ಕೋಟಿಗಳ ಲೆಕ್ಕ ಇದೆ, ಮನೆಗಳ ಲೆಕ್ಕ ಎಲ್ಲಿ?

ನಮ್ಮ ಬೀದಿಯ ಮೂರು ಮನೆಗಳಲ್ಲಿ ಕೆಲಸ ಮಾಡುವ ಅಕ್ಕ ಒಂದು ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬಂದರು. "ಇದನ್ನ ಒಂಚೂರು ನೋಡಿ ಸಾರ್. ಹೋದಾಗೆಲ್ಲ ಏನೋ ಒಂದು ಕಮ್ಮಿ ಇದೆ ಅಂತಾರೆ" ಎಂದರು. ಕವರಿನಲ್ಲಿ ರೇಷನ್ ಕಾರ್ಡು, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ರಬ್ಬರ್ ಬ್ಯಾಂಡ್ ಹಾಕಿದ ಕರೆಂಟ್ ಬಿಲ್ಲುಗಳ ಕಟ್ಟು, ಅವರ ಅತ್ತೆಯ ಕಾಲದ ಅಂಚು ಹರಿದ ಗುರುತಿನ ಚೀಟಿ ಇದ್ದವು. ಎಲ್ಲಕ್ಕೂ ಎರಡೆರಡು ಜೆರಾಕ್ಸ್. ಅರ್ಜಿ ಹಾಕಿದ್ದು ಪಾಲಿಕೆಯ 'ಒಂಟಿ ಮನೆ' ಯೋಜನೆಗೆ.

ಬೆಂಗಳೂರಿನ ಬಡವರ ಬಡಾವಣೆಗಳಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. ಸ್ವಂತ ಜಾಗ ಇದ್ದು ಅದರ ಮೇಲೆ ಮನೆ ಕಟ್ಟಿಕೊಳ್ಳಲು ಆಗದ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ಕುಟುಂಬಕ್ಕೆ ಪಾಲಿಕೆ 5 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಕೆಲಸ ಮುಂದುವರಿದಂತೆ ಹಣ ಕಂತಿನಲ್ಲಿ ಬರುತ್ತದೆ. ಈ ಅಕ್ಕನ ಕವರಿನಲ್ಲಿ ಎಲ್ಲವೂ ಇತ್ತು, ಜಾಗ ಅವರದು ಎಂದು ಹೇಳುವ ಕಾಗದ ಒಂದನ್ನು ಬಿಟ್ಟು. ಖಾತಾ ಇಲ್ಲ, ಹಕ್ಕುಪತ್ರವೂ ಇಲ್ಲ. "ವೋಟು ಹಾಕ್ತೀವಿ, ಕರೆಂಟ್ ಬಿಲ್ ಕಟ್ತೀವಿ, ನಮ್ಮತ್ತೆ ಸತ್ತಿದ್ದೂ ಅದೇ ಮನೇಲಿ" ಎಂದರು. ಅವರ ಏರಿಯಾ ಇನ್ನೂ ಕೊಳಗೇರಿ ಎಂದು ಘೋಷಣೆಯಾಗಿಲ್ಲ, ಅದಾಗದೆ ಹಕ್ಕುಪತ್ರ ಬರುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಪ್ರತಿ ವರ್ಷ ನಗರದ ಬಜೆಟ್ ಬಂದಾಗ ನಾನು ಮೊದಲು ಹುಡುಕುವುದು ಒಂದೇ ಸಾಲು. ಈ ವರ್ಷ ಈ ಊರಿನಲ್ಲಿ ಬಡವರಿಗೆ ಎಷ್ಟು ಮನೆ, ಯಾರಿಗೆ, ಎಲ್ಲಿ? ಆ ಸಾಲು ನನಗೆ ಇದುವರೆಗೆ ಸಿಕ್ಕಿಲ್ಲ. ಎಷ್ಟು ಕೋಟಿ ಎಂಬುದು ಸಿಗುತ್ತದೆ. ಆ ಕೋಟಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ, ಮಧ್ಯದಲ್ಲಿ ಮನೆ ಎಲ್ಲಿ ಕಾಣೆಯಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡುತ್ತೇನೆ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ತಂದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ. ಕೊಳಗೇರಿ ಸುಧಾರಣೆಯೂ ನಗರದ ಬಡತನ ನಿವಾರಣೆಯೂ ಆ ಪಟ್ಟಿಯಲ್ಲಿವೆ. ಕಾಗದದ ಮೇಲೆ ಇದು ಪಾಲಿಕೆಯ ಕೆಲಸ. ಆದರೆ ಬೆಂಗಳೂರಿನಲ್ಲಿ ಬಡವರ ವಸತಿ ಮೂರು ಬಾಗಿಲುಗಳಲ್ಲಿ ಹಂಚಿಹೋಗಿದೆ. ಘೋಷಿತ ಕೊಳಗೇರಿಗಳನ್ನು ನೋಡಿಕೊಳ್ಳುವುದು ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ. ಇದು ನಡೆಯುವುದು 1973ರ ಕಾಯ್ದೆಯ ಅಡಿಯಲ್ಲಿ, ರಾಜ್ಯ ಸರ್ಕಾರದ ಕೆಳಗೆ. ಬಹುಮಹಡಿ ವಸತಿ ಯೋಜನೆ ರಾಜೀವ್ ಗಾಂಧಿ ವಸತಿ ನಿಗಮದ ಕೈಯಲ್ಲಿದೆ, ಅದೂ ರಾಜ್ಯದ್ದೇ. ಮೂರನೆಯದು ಪಾಲಿಕೆ, ಒಂಟಿ ಮನೆಯಂಥ ತನ್ನ ಸಣ್ಣಪುಟ್ಟ ಯೋಜನೆಗಳೊಂದಿಗೆ. ಇವುಗಳ ಮೇಲೆ ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ ಇದೆ. ಅದರ ನಗರ ಭಾಗ 2015ರ ಜೂನ್ 25ರಂದು ಶುರುವಾಯಿತು, 2024ರ ಸೆಪ್ಟೆಂಬರ್‌ನಿಂದ ಎರಡನೇ ಆವೃತ್ತಿ ನಡೆಯುತ್ತಿದೆ.

ಬಾಗಿಲು ಮೂರಿದ್ದರೆ ತಪ್ಪೇನೂ ಇಲ್ಲ. ಮೂರೂ ಬಾಗಿಲುಗಳ ಲೆಕ್ಕ ಒಂದು ಪುಸ್ತಕದಲ್ಲಿ ಸೇರಬೇಕು, ಅಷ್ಟೇ. ಅದು ಸೇರುವುದಿಲ್ಲ. ಮಂಡಳಿ ಎಲ್ಲಿ ಬ್ಲಾಕ್ ಕಟ್ಟುತ್ತಿದೆ ಎಂಬುದು ಪಾಲಿಕೆಯ ಬಜೆಟ್ ಪುಸ್ತಕದಲ್ಲಿ ಇರುವುದಿಲ್ಲ. ಒಂದು ಕೊಳಗೇರಿಗೆ ಪಾಲಿಕೆ ಹೊಸದಾಗಿ ಕಾಂಕ್ರೀಟ್ ರಸ್ತೆ ಹಾಕುತ್ತದೆ, ಮರುವರ್ಷ ಅದೇ ಜಾಗದಲ್ಲಿ ಇನ್ನೊಂದು ಸಂಸ್ಥೆ ಮನೆ ಕಟ್ಟಲು ಅಗೆಯುತ್ತದೆ. ಅಲ್ಲಿ ವಾಸಿಸುವವರಿಗೆ ಇದು ಹೊಸ ಸುದ್ದಿಯಲ್ಲ.

ಈಗ ಪಾಲಿಕೆಯ ಸ್ವಂತ ಹಣದ ವಿಷಯ. ಇದು ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿರಬೇಕಾದದ್ದು. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಪುರಸಭೆಯ ಗುಮಾಸ್ತರಿಂದ ಹಿಡಿದು ಗುತ್ತಿಗೆದಾರರವರೆಗೆ ಎಲ್ಲರೂ ಇದನ್ನು ಅಂಕಿಯಿಂದಲೇ ಕರೆಯುತ್ತಾರೆ: "ಇದು 24.10ರ ಕಾಮಗಾರಿ", "ಅದು 7.25ರ ದುಡ್ಡು".

ಈ ಅಂಕಿಯ ಶಕ್ತಿ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ. ಪಾಲಿಕೆಯ ಸ್ವಂತ ಆದಾಯದ ಪ್ರತಿ ಸಾವಿರ ಕೋಟಿಗೆ 241 ಕೋಟಿ ಪರಿಶಿಷ್ಟರ ಹೆಸರಿಗೆ ಬರುತ್ತದೆ. ಅದರಲ್ಲಿ ಅರ್ಧ ಮಾತ್ರ ಒಂಟಿ ಮನೆಗೆ ಹೋದರೂ, ತಲಾ 5 ಲಕ್ಷದಂತೆ, ಒಂದೇ ವರ್ಷದಲ್ಲಿ 2,410 ಮನೆಗಳಾಗುತ್ತವೆ. ಇದಕ್ಕೆ ದೆಹಲಿಯ ಮಂಜೂರಾತಿ ಬೇಕಿಲ್ಲ, ವಿಧಾನಸೌಧದ ಘೋಷಣೆಯೂ ಬೇಕಿಲ್ಲ. ಊರಿನ ತೆರಿಗೆಯಲ್ಲಿ ಊರಿನ ಬಡವರಿಗೆ ಮನೆ.

ಹಾಗಾದರೆ ಹಾಗೇಕೆ ಆಗುವುದಿಲ್ಲ? ಮನೆ ಕಟ್ಟಿಸುವ ದಾರಿ ಉದ್ದ, ರಸ್ತೆ ಹಾಕಿಸುವ ದಾರಿ ಗಿಡ್ಡ. ಒಂದು ಒಂಟಿ ಮನೆಗೆ ಒಬ್ಬ ಫಲಾನುಭವಿ, ಹತ್ತಾರು ದಾಖಲೆ, ಸ್ಥಳ ಪರಿಶೀಲನೆ, ಹಂತ ಹಂತದ ಕಂತು. ಹೀಗೆ ಸಾವಿರ ಮನೆಗೆ ಸಾವಿರ ಫೈಲು. ಅದೇ ಹಣವನ್ನು ಬಡಾವಣೆಯ ಚರಂಡಿಗೋ ಕಾಂಕ್ರೀಟ್ ರಸ್ತೆಗೋ ಹಾಕಿದರೆ ಒಂದು ಎಸ್ಟಿಮೇಟು, ಒಂದು ಟೆಂಡರು, ಒಂದು ಜಾಬ್ ಕೋಡು, ಮಾರ್ಚ್ ಒಳಗೆ ಬಿಲ್ಲು. ಎಂಜಿನಿಯರಿಗೂ ಅದೇ ಸುಲಭ, ಶಾಸಕರಿಗೂ ಗುದ್ದಲಿ ಪೂಜೆಗೆ ಅದೇ ಅನುಕೂಲ. ಚರಂಡಿ ಬೇಡ ಎಂದು ನಾನು ಹೇಳುತ್ತಿಲ್ಲ. ಮಳೆ ಬಂದಾಗ ಮೋರಿ ನೀರು ಮನೆಗೆ ನುಗ್ಗುವವರಿಗೆ ಚರಂಡಿಯೂ ಬದುಕಿನ ಪ್ರಶ್ನೆಯೇ. ಆದರೆ ಚರಂಡಿ ಮತ್ತು ರಸ್ತೆ ಊರಿನ ಎಲ್ಲ ನಾಗರಿಕರಿಗೂ ಸಾಮಾನ್ಯ ನಿಧಿಯಿಂದ ಸಿಗುವ ಸೌಕರ್ಯ. ಮಲ್ಲೇಶ್ವರದ ರಸ್ತೆಗೆ ಸಾಮಾನ್ಯ ನಿಧಿ, ಕೊಳಗೇರಿಯ ರಸ್ತೆಗೆ ಪರಿಶಿಷ್ಟರ ನಿಧಿ ಎಂದಾದರೆ ಬಡವರು ತಮ್ಮ ಮನೆಯ ದುಡ್ಡಿನಲ್ಲಿ ರಸ್ತೆ ಕೊಂಡಂತಾಯಿತು.

ರಾಜ್ಯ ಮಟ್ಟದಲ್ಲಿ ಇದೇ ಜಗಳ ಹತ್ತು ವರ್ಷ ನಡೆದಿದೆ. ಪರಿಶಿಷ್ಟರ ಉಪಯೋಜನೆಗಾಗಿ, ಅಂದರೆ ರಾಜ್ಯದ ಬಜೆಟ್ಟಿನಲ್ಲಿ ಅವರಿಗೆಂದೇ ತೆಗೆದಿಡುವ ಪಾಲಿಗಾಗಿ, 2013ರಲ್ಲಿ ಬಂದ ಕಾಯ್ದೆಯಲ್ಲಿ 7(ಡಿ) ಎಂಬ ಕಲಂ ಇತ್ತು. ಎಲ್ಲರಿಗೂ ಸೇರಿದ ದೊಡ್ಡ ಮೂಲಸೌಕರ್ಯದ ಒಂದು ಪಾಲನ್ನು ಪರಿಶಿಷ್ಟರಿಗೆ ಖರ್ಚಾದದ್ದು ಎಂದು ಭಾವಿಸಲು ಅದು ದಾರಿ ಕೊಡುತ್ತಿತ್ತು. ದಲಿತ ಸಂಘಟನೆಗಳ ನಿರಂತರ ಒತ್ತಾಯದ ನಂತರ 2023ರಲ್ಲಿ ಅದನ್ನು ತೆಗೆದುಹಾಕಲಾಯಿತು. ನಗರಗಳ 24.10ಕ್ಕೂ ಅದೇ ಎಚ್ಚರ ಬೇಕು.

ಇದನ್ನೆಲ್ಲ ಕೂತು ಕೇಳಬೇಕಾದವರು ಯಾರು? ಚುನಾಯಿತ ಕಾರ್ಪೊರೇಟರ್. ಇಡೀ ಬೆಂಗಳೂರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೊನೆಯ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಅಲ್ಲಿಂದ ಬಿಬಿಎಂಪಿ ಇಲ್ಲವಾಗುವವರೆಗೆ ಬಂದ ಐದು ಬಜೆಟ್‌ಗಳಿಗೂ ಒಪ್ಪಿಗೆ ಕೊಟ್ಟವರು ಆಡಳಿತಾಧಿಕಾರಿ. ಅದರಲ್ಲಿ ಕೊನೆಯದು, 2025–26ರದು, ಹತ್ತಿರ ಹತ್ತಿರ 20 ಸಾವಿರ ಕೋಟಿಯದು. ಅಷ್ಟು ಹಣದ ಮೇಲೆ ಒಂದು ದಿನವೂ ಸಭೆಯಲ್ಲಿ ಚರ್ಚೆಯಾಗಲಿಲ್ಲ, ಒಬ್ಬ ಸದಸ್ಯರೂ ಎದ್ದು ನಿಂತು "ನನ್ನ ವಾರ್ಡಿನಲ್ಲಿ ಒಂಟಿ ಮನೆ ಎಷ್ಟು ಕೊಟ್ಟಿರಿ" ಎಂದು ಕೇಳಲಿಲ್ಲ. ಕೇಳಲು ಸದಸ್ಯರೇ ಇರಲಿಲ್ಲ.

ಜನರನ್ನು ಕೇಳುವ ಪ್ರಯತ್ನ ಆಗಲೇ ಇಲ್ಲ ಎನ್ನಲಾಗದು. ಹೈಕೋರ್ಟ್ ಪಟ್ಟು ಹಿಡಿದದ್ದರಿಂದಲೂ ನಾಗರಿಕ ಸಂಘಟನೆಗಳು ಬೆನ್ನು ಬಿಡದ್ದರಿಂದಲೂ ವಾರ್ಡ್ ಸಮಿತಿಗಳು ಬಂದವು. 2021–22ರ ಬಜೆಟ್‌ನಲ್ಲಿ ಪ್ರತಿ ವಾರ್ಡಿಗೆ 60 ಲಕ್ಷ ಇಟ್ಟು, ಎಲ್ಲಿ ಖರ್ಚು ಮಾಡಬೇಕೆಂದು ಸಮಿತಿಗಳನ್ನು ಕೇಳಲಾಯಿತು. ನಾನು ಆಗ ಖುಷಿಪಟ್ಟವನು. ಆದರೆ ಆ 60 ಲಕ್ಷ ಮೊದಲೇ ಮೂರು ಪಾಲಾಗಿತ್ತು: ರಸ್ತೆ ಗುಂಡಿಗೆ 20, ಫುಟ್‌ಪಾತಿಗೆ 20, ಕೊಳವೆಬಾವಿಗೆ 20. ಯಾವ ಫುಟ್‌ಪಾತು ಎಂದು ಜನ ಹೇಳಬಹುದಿತ್ತು. ಫುಟ್‌ಪಾತಿಗಿಂತ ಮೊದಲು ಸೂರು ಬೇಕು ಎನ್ನಲು ಅವಕಾಶವಿರಲಿಲ್ಲ. ಇನ್ನೊಂದು ಮಾತು: ವಾರ್ಡ್ ಸಮಿತಿ ಸಭೆಗೆ ಬಿಡುವು ಮಾಡಿಕೊಂಡು ಬರುವವರು ನಮ್ಮಂಥವರು, ಸ್ವಂತ ಮನೆಯವರು, ನಿವಾಸಿಗಳ ಸಂಘದವರು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಅಕ್ಕ ಎರಡನೇ ಮನೆಯ ಪಾತ್ರೆ ತೊಳೆಯುತ್ತಿರುತ್ತಾರೆ.

ಬೇರೆ ಕಡೆ ಹೇಗೆ ಮಾಡುತ್ತಾರೆ ಎಂದು ನೋಡಿದರೆ ನಮ್ಮ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ 1974ರ ಕಾನೂನೊಂದು ಸಮುದಾಯ ಅಭಿವೃದ್ಧಿ ಅನುದಾನವನ್ನು ಹುಟ್ಟುಹಾಕಿತು. 1990ರ ಇನ್ನೊಂದು ಕಾನೂನು ಕೈಗೆಟುಕುವ ಮನೆಗಳಿಗೆಂದೇ 'ಹೋಮ್' ಎಂಬ ನಿಧಿ ಕೊಟ್ಟಿತು. ಎರಡೂ ಫೆಡರಲ್ ಸರ್ಕಾರದ ಹಣ, ದೊಡ್ಡ ನಗರಗಳಿಗೆ ಸೂತ್ರದ ಪ್ರಕಾರ ನೇರ ಬರುತ್ತದೆ. ಬರಬೇಕಾದರೆ ನಗರ ಮೂರರಿಂದ ಐದು ವರ್ಷದ ಯೋಜನೆ ಬರೆಯಬೇಕು, ಅದರೊಳಗೆ ಪ್ರತಿ ವರ್ಷ ಒಂದು ಕ್ರಿಯಾ ಯೋಜನೆ ಕೊಡಬೇಕು. ಆ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಸಾರ್ವಜನಿಕ ಸಭೆ ಕರೆಯಬೇಕು, ಬಂದ ಅಭಿಪ್ರಾಯಗಳನ್ನು ಯೋಜನೆಗೆ ಲಗತ್ತಿಸಬೇಕು, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂದು ಬರೆಯಬೇಕು. ಸಮುದಾಯ ಅನುದಾನದ ಶೇ 70ರಷ್ಟಾದರೂ ಕಡಿಮೆ ಆದಾಯದವರ ಪ್ರಯೋಜನಕ್ಕೇ ಹೋಗಬೇಕು, ಆಡಳಿತ ವೆಚ್ಚ ಶೇ 20 ಮೀರಬಾರದು. ವರ್ಷ ಮುಗಿದ 90 ದಿನದೊಳಗೆ ಹೇಳಿದ್ದೆಷ್ಟು, ಮಾಡಿದ್ದೆಷ್ಟು ಎಂದು ವರದಿ ಕೊಡಬೇಕು. ವರದಿಯಲ್ಲಿ ಡಾಲರ್ ಜೊತೆಗೆ ಮನೆಗಳ, ಕುಟುಂಬಗಳ ಎಣಿಕೆಯೂ ಇರಬೇಕು.

ಅಲ್ಲಿ ಎಲ್ಲ ಸರಿಯಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಲ್ಲಿನ ಮಹಾನಗರಗಳ ಬೀದಿಗಳಲ್ಲಿ ಡೇರೆ ಹಾಕಿಕೊಂಡು ಮಲಗುವವರನ್ನು ನಾವೆಲ್ಲ ನೋಡಿದ್ದೇವೆ. ದೇಶಕ್ಕೆಲ್ಲ ಸೇರಿ ಸಮುದಾಯ ಅನುದಾನ ವರ್ಷಕ್ಕೆ ಸುಮಾರು 330 ಕೋಟಿ ಡಾಲರ್ ಮಾತ್ರ. 2026ರ ಬಜೆಟ್ ಪ್ರಸ್ತಾವದಲ್ಲಿ ಅಧ್ಯಕ್ಷರು ಈ ಎರಡೂ ನಿಧಿಗಳನ್ನು ಪೂರ್ತಿ ನಿಲ್ಲಿಸುವ ಮಾತಾಡಿದರು. ಹಣ ಸಾಲದು, ಸರಿ. ಆದರೂ ಹಣ ಎಲ್ಲಿ ಹೋಯಿತು ಎಂದು ಒಬ್ಬ ಬಾಡಿಗೆದಾರ ಕೇಳಿದರೆ ತೋರಿಸಲು ಒಂದು ಕಾಗದವಿದೆ. ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೇರಳ 1996ರಲ್ಲಿ ಜನಕೀಯ ಯೋಜನೆ ಶುರುಮಾಡಿ ರಾಜ್ಯದ ಯೋಜನಾ ಹಣದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಅಲ್ಲಿ ಮನೆಯಿಲ್ಲದವರ ಪಟ್ಟಿ ವಾರ್ಡ್ ಸಭೆಯ ಮುಂದೆ ಬರುತ್ತದೆ.

ಕಾಗದ ಸರಿಹೋದರೂ ಉಳಿಯುವ ಗಟ್ಟಿ ಪ್ರಶ್ನೆ ಜಾಗದ್ದು. ಬೆಂಗಳೂರಿನ ವಸತಿ ಯೋಜನೆಗಳು ಎಡವುವುದು ಅಲ್ಲೇ. ಕೋರಮಂಗಲದ ಪಕ್ಕದ ಈಜಿಪುರವನ್ನು ನೆನಪಿಸಿಕೊಳ್ಳಿ. ಬಡವರಿಗೆಂದು ಪಾಲಿಕೆಯೇ ಕಟ್ಟಿಸಿದ್ದ ಸುಮಾರು 1,500 ಮನೆಗಳು ಅಲ್ಲಿದ್ದವು. ಕಟ್ಟಡಗಳು ಶಿಥಿಲವಾದವು, 2003ರಲ್ಲಿ ಒಂದು ಬ್ಲಾಕ್ ಕುಸಿಯಿತು. ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಾಣ ಎಂದಾಯಿತು, ಜಾಗದಲ್ಲಿ ಅರ್ಧ ಮನೆಗಳಿಗೆ, ಉಳಿದರ್ಧ ವಾಣಿಜ್ಯಕ್ಕೆ ಎಂಬ ಲೆಕ್ಕದಲ್ಲಿ. 2013ರ ಜನವರಿಯ ಚಳಿಯಲ್ಲಿ ಜೆಸಿಬಿಗಳು ಬಂದು, ಪಾತ್ರೆ ಪಗಡೆ ಬೀದಿಗೆ ಬಿದ್ದವು. ಎಷ್ಟೋ ಕುಟುಂಬಗಳು ಅದೇ ಕಾಂಪೌಂಡಿನ ಪಕ್ಕದ ಫುಟ್‌ಪಾತಿನಲ್ಲಿ ಟಾರ್ಪಾಲು ಕಟ್ಟಿಕೊಂಡು ವರ್ಷಗಟ್ಟಲೆ ಇದ್ದವು. ದೂರದ ಮನೆಗೆ ಏಕೆ ಹೋಗಲಿಲ್ಲ ಎಂದು ಕೇಳುವವರು ಆ ಹೆಂಗಸರ ದಿನಚರಿ ನೋಡಬೇಕು. ಕೆಲಸ ಕೋರಮಂಗಲದ ಮನೆಗಳಲ್ಲಿ, ಮಕ್ಕಳ ಶಾಲೆ ಪಕ್ಕದಲ್ಲಿ. ಊರಾಚೆಯ ಫ್ಲ್ಯಾಟಿನಿಂದ ಎರಡು ಬಸ್ ಬದಲಿಸಿ ಬೆಳಿಗ್ಗೆ ಆರೂವರೆಗೆ ಯಾರ ಮನೆಯ ಗೇಟು ತಟ್ಟುವುದು?

ಮುಖ್ಯಮಂತ್ರಿಗಳ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆಯಲ್ಲೂ ಇದೇ ಕಷ್ಟ. ಸರ್ಕಾರಿ ಜಾಗ ಸಿಕ್ಕಿದ್ದು ಹೆಚ್ಚಾಗಿ ನಗರದ ಅಂಚಿನಲ್ಲಿ, ಆದ್ದರಿಂದ ಮನೆ ಎದ್ದದ್ದೂ ಅಲ್ಲೇ. ನಡುವೂರಿನಲ್ಲಿ ಬಡವರ ಮನೆಗೆ ಇಷ್ಟು ಜಾಗ ಎಂದು ಮೊದಲೇ ಗುರುತಿಸುವ ಕೆಲಸ ಮಾಸ್ಟರ್ ಪ್ಲಾನಿನದು. ಬೆಂಗಳೂರಿಗೆ 2031ರವರೆಗಿನ ಕರಡು ಯೋಜನೆ 2017ರಲ್ಲಿ ಬಂತು, ಜಾರಿಯಾಗದೆ ವಾಪಸ್ಸಾಯಿತು. 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ನಕ್ಷೆಯ ಮೇಲೆಯೇ ಊರು ಬೆಳೆಯುತ್ತಾ ಹೋಯಿತು.

ಜಾಗ ಸಿಕ್ಕಿ ಮನೆ ಎದ್ದರೂ ಕೊನೆಯ ಮೆಟ್ಟಿಲು ಫಲಾನುಭವಿಯ ವಂತಿಕೆ. ಕೊಳಗೇರಿ ಮಂಡಳಿಯ ಮನೆಗೆ ತಗಲುವ ವೆಚ್ಚ ಏಳೂವರೆ ಲಕ್ಷದ ಆಸುಪಾಸು. ಕೇಂದ್ರದ್ದು ಒಂದೂವರೆ ಲಕ್ಷ, ರಾಜ್ಯದ ಪಾಲು ಅದಕ್ಕೆ ಹತ್ತಿರ, ಉಳಿದ ನಾಲ್ಕು ಲಕ್ಷಕ್ಕೂ ಹೆಚ್ಚು ಫಲಾನುಭವಿ ಹೊಂದಿಸಬೇಕಿತ್ತು. ಕೇಂದ್ರ ಕೊಡುವಷ್ಟನ್ನೇ ಬಹುಪಾಲು ಜಿಎಸ್‌ಟಿಯಲ್ಲಿ ವಾಪಸ್ ಪಡೆಯುತ್ತದೆ ಎಂಬುದು ರಾಜ್ಯದ ದೂರು. ಏಳೂವರೆ ಲಕ್ಷಕ್ಕೆ ಶೇ 18 ಹಾಕಿ ನೋಡಿದರೆ 1.35 ಲಕ್ಷ ಬರುತ್ತದೆ, ಆ ದೂರಿನಲ್ಲಿ ಹುರುಳಿದೆ. ದಿನಗೂಲಿಯವರಿಗೆ ನಾಲ್ಕು ಲಕ್ಷ ಸಾಲ ಕೊಡಲು ಬ್ಯಾಂಕುಗಳು ಮುಂದೆ ಬರಲಿಲ್ಲ, ಮನೆಗಳು ಅರ್ಧಕ್ಕೆ ನಿಂತವು. 2023ರ ಕೊನೆಯಲ್ಲಿ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು: ಫಲಾನುಭವಿ ಒಂದು ಲಕ್ಷ ಕೊಟ್ಟರೆ ಸಾಕು, ಉಳಿದದ್ದು ಸರ್ಕಾರದ್ದು. 2024ರ ಮಾರ್ಚ್‌ನಲ್ಲಿ ಮೊದಲ ಹಂತದ 36,789 ಮನೆಗಳನ್ನು ರಾಜ್ಯದಲ್ಲಿ ಹಂಚಲಾಯಿತು. ಒಳ್ಳೆಯ ತೀರ್ಮಾನ, ಮನಸಾರೆ ಹೇಳುತ್ತೇನೆ. ಆದರೆ ಯೋಜನೆ ರೂಪಿಸುವಾಗಲೇ ಒಬ್ಬ ಪೌರಕಾರ್ಮಿಕಳ ಪಕ್ಕ ಕೂತು ಅವಳ ತಿಂಗಳ ಜಮಾ-ಖರ್ಚು ಬರೆದುಕೊಂಡಿದ್ದರೆ ನಾಲ್ಕು ಲಕ್ಷ ಅಸಾಧ್ಯ ಎಂದು ಆವತ್ತೇ ತಿಳಿಯುತ್ತಿತ್ತು.

ಇನ್ನು ಯಾವ ಪಟ್ಟಿಯಲ್ಲೂ ಇಲ್ಲದವರಿದ್ದಾರೆ. 2011ರ ಜನಗಣತಿಯಲ್ಲಿ ಬೆಂಗಳೂರಿನ ಕೊಳಗೇರಿಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿದ್ದರು. ಆ ಸಂಖ್ಯೆ ಹಿಡಿದುಕೊಂಡೇ ಇಷ್ಟು ವರ್ಷ ಯೋಜನೆ ಮಾಡಿದ್ದೇವೆ. ಅಷ್ಟರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದು ನೀಲಿ ಟಾರ್ಪಾಲಿನ ಜೋಪಡಿಗಳಲ್ಲಿ ಇರುವ ಕಟ್ಟಡ ಕಾರ್ಮಿಕರು ಖಾಲಿ ಸೈಟುಗಳಲ್ಲಿ ಹೊಸ ಊರುಗಳನ್ನೇ ಮಾಡಿಕೊಂಡಿದ್ದಾರೆ. ಜಾಗದ ಮಾಲೀಕರಿಗೆ ಬಾಡಿಗೆ ಕಟ್ಟುತ್ತಾರೆ, ನೀರಿಗೆ ಟ್ಯಾಂಕರ್‌ನವರಿಗೆ ಕಟ್ಟುತ್ತಾರೆ. ರೇಷನ್ ಕಾರ್ಡು ಊರಲ್ಲಿದೆ, ವೋಟೂ ಊರಲ್ಲೇ. ಇವರಿಗೆ ಬೇಕಾದದ್ದು ಸ್ವಂತ ಫ್ಲ್ಯಾಟಿಗಿಂತ ಮೊದಲು ನೀರು, ಶೌಚಾಲಯ ಇರುವ, ಕೈಗೆಟುಕುವ ಬಾಡಿಗೆಯ ಕೋಣೆ. ಆವಾಸ್ ಯೋಜನೆಯ ಎರಡನೇ ಆವೃತ್ತಿಯಲ್ಲಿ ಬಾಡಿಗೆ ವಸತಿಗೂ ಒಂದು ಭಾಗವಿದೆ. ಆದರೆ ಇಂಥವರು ಎಷ್ಟು ಜನ, ಎಲ್ಲಿದ್ದಾರೆ ಎಂದು ನಗರ ಎಣಿಸದೆ ಅದರ ಹಣ ಕೇಳುವುದು ಹೇಗೆ?

2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಇದರಿಂದ ವಸತಿಯ ಹಣದ ಲೆಕ್ಕ ಇನ್ನೂ ಸೂಕ್ಷ್ಮವಾಗಿದೆ. ಐಟಿ ಪಾರ್ಕುಗಳಿರುವ ಮಹದೇವಪುರ, ಕೆ.ಆರ್. ಪುರ ಸೇರಿದ ಪೂರ್ವ ಪಾಲಿಕೆಗೆ ಆಸ್ತಿ ತೆರಿಗೆಯ ಆದಾಯ ಚೆನ್ನಾಗಿದೆ. ಆದರೆ ಶ್ರೀರಾಮಪುರ, ಜಗಜೀವನ್‌ರಾಂ ನಗರ, ಡಿ.ಜೆ. ಹಳ್ಳಿಯಂಥ ಹಳೆಯ ದಟ್ಟ ಬಡಾವಣೆಗಳು ಬೇರೆ ಪಾಲಿಕೆಗಳ ಪಾಲಿಗೆ ಬಂದಿವೆ. ಪ್ರತಿ ಪಾಲಿಕೆ ತನ್ನ ಆದಾಯದ ಶೇ 24.10 ಮಾತ್ರ ತೆಗೆದಿಟ್ಟರೆ, ಎಲ್ಲಿ ತೆರಿಗೆ ಹೆಚ್ಚೋ ಅಲ್ಲಿ ಬಡವರಿಗೂ ಹಣ ಹೆಚ್ಚು, ಎಲ್ಲಿ ಬಡವರು ಹೆಚ್ಚೋ ಅಲ್ಲಿ ಹಣ ಕಡಿಮೆ. ವಸತಿಯ ಪಾಲನ್ನಾದರೂ ಪ್ರಾಧಿಕಾರದ ಮಟ್ಟದಲ್ಲಿ ಒಟ್ಟುಗೂಡಿಸಿ, ಮನೆಯಿಲ್ಲದವರ ಸಂಖ್ಯೆಗೆ ತಕ್ಕಂತೆ ಹಂಚುವುದು ನ್ಯಾಯ. ಇದು ಈಗಲೇ ನಿಯಮವಾಗಬೇಕು. ಐದು ಪಾಲಿಕೆಗಳೂ ತಮ್ಮ ತಮ್ಮ ಗಂಟು ಗಟ್ಟಿಮಾಡಿಕೊಂಡ ಮೇಲೆ ಬಿಚ್ಚಿಸುವುದು ಕಷ್ಟ.

ಅದರ ಜೊತೆಗೆ ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಪಾಲಿಕೆ ಡಿಸೆಂಬರ್ ಒಳಗೆ ಒಂದು ವಸತಿ ಯೋಜನೆಯ ಕರಡು ಕೊಡಲಿ, ಮಂಡಳಿ ಮತ್ತು ನಿಗಮದ ಮನೆಗಳೂ ಅದರಲ್ಲೇ ಇರಲಿ. ಕನ್ನಡದಲ್ಲಿರಲಿ, ಒಂದು ತಿಂಗಳು ವಾರ್ಡ್ ಕಚೇರಿಯ ಗೋಡೆ ಮೇಲೆ ಅಂಟಿಸಿರಲಿ. ಚರ್ಚೆಯ ಸಭೆ ಕೊಳಗೇರಿಯಲ್ಲೇ, ಸಂಜೆ ಏಳರ ಮೇಲೆ ನಡೆಯಲಿ. ರಸ್ತೆ, ಚರಂಡಿಯ ಬಿಲ್ಲು ಸಾಮಾನ್ಯ ನಿಧಿಗೆ ಹೋಗಲಿ. ಘೋಷಣೆಗೆ ಕಾಯುತ್ತಿರುವ ಕೊಳಗೇರಿಗಳ ಪಟ್ಟಿ, ಪ್ರತಿಯೊಂದರ ಮುಂದೆ ಕಡತ ಯಾವ ಮೇಜಿನ ಮೇಲಿದೆ ಎಂಬ ವಿವರ, ಇದೂ ಬೇಕು. ಜಾಗದ ಕಾಗದ ಸಿಗದವರಿಗೆ 5 ಲಕ್ಷದ ಯೋಜನೆ ಇದ್ದೂ ಇಲ್ಲದಂತೆ.

ಆ ಅಕ್ಕನ ಅರ್ಜಿ ಮುಂದೆ ಹೋಗಿಲ್ಲ. ಏರಿಯಾ ಘೋಷಣೆಯಾಗಲಿ, ಹಕ್ಕುಪತ್ರ ಬರಲಿ, ಆಮೇಲೆ ನೋಡೋಣ ಎಂದು ಕಚೇರಿಯಲ್ಲಿ ಹೇಳಿದ್ದಾರೆ. ಕಳೆದ ವಾರ ಬಂದಾಗ ಮಳೆಗಾಲಕ್ಕೆ ಮುಂಚೆ ಸೋರುವ ನಾಲ್ಕು ಶೀಟು ಬದಲಿಸಬೇಕೆಂದು ಸಂಘದಲ್ಲಿ 30 ಸಾವಿರ ಸಾಲ ತೆಗೆದಿರುವುದಾಗಿ ಹೇಳಿದರು. ವಾರದ ಕಂತು ಕಟ್ಟಲು ನಾಲ್ಕನೇ ಮನೆಯ ಕೆಲಸ ಹಿಡಿದಿದ್ದಾರೆ. ಪ್ಲಾಸ್ಟಿಕ್ ಕವರನ್ನು ನಮ್ಮ ಮನೆಯಲ್ಲೇ ಇಟ್ಟು ಹೋದರು, ಅಲ್ಲಿ ನೆನೆಯುತ್ತದೆ ಎಂದು.